ಹಡಗಿನ ದೊಡ್ಡ ಎಂಜಿನ್‌ಗೆ ಎರಡು ಬಗೆಯ ಆಯಿಲ್ ಏಕೆ?

ಹುಬ್ಬಳ್ಳಿ-ಧಾರವಾಡದಲ್ಲಿ ಮೆಕ್ಯಾನಿಕಲ್ ಓದಿ ಮರೈನ್ ಎಂಜಿನಿಯರಿಂಗ್‌ಗೆ ತಯಾರಾಗುತ್ತಿರುವ ನಮಗೆ ಡೀಸೆಲ್ ಎಂಜಿನ್ ಎಂದರೆ ಲಾರಿಯದು, ಇಲ್ಲವೇ ಟ್ರ್ಯಾಕ್ಟರಿನದು. ಅಲ್ಲಿ ಬೇರಿಂಗ್‌ಗೂ ಲೈನರ್‌ಗೂ (ಪಿಸ್ಟನ್ ಜಾರುವ ಸಿಲಿಂಡರಿನ ಒಳಗೋಡೆ) ಒಂದೇ ಆಯಿಲ್. ಹಡಗಿನ ನಿಧಾನಗತಿಯ ಎಂಜಿನ್‌ನಲ್ಲಿ ಸಿಲಿಂಡರ್‌ಗೆ ಒಂದು ಆಯಿಲ್, ಕೆಳಗೆ ಕ್ರ್ಯಾಂಕ್ ಶಾಫ್ಟ್ ತಿರುಗುವ ಕ್ರ್ಯಾಂಕ್‌ಕೇಸ್‌ಗೆ ಇನ್ನೊಂದು. ಇದರ ಕಾರಣ ಮನಸ್ಸಿಗೆ ಹತ್ತಿದರೆ ನಿರ್ವಹಣೆಯ ಅರ್ಧ ಪಾಠ ಹಗುರಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಎಂಜಿನ್ ಟೂ-ಸ್ಟ್ರೋಕ್, ಅಂದರೆ ಪ್ರತಿ ಸುತ್ತಿಗೂ ಒಮ್ಮೆ ಇಂಧನ ಉರಿಯುತ್ತದೆ. ನಿಮಿಷಕ್ಕೆ ಸುಮಾರು 60ರಿಂದ 120 ಸುತ್ತು. ಗೇರ್‌ಬಾಕ್ಸ್ ಇಲ್ಲದೆ ನೇರವಾಗಿ ಪ್ರೊಪೆಲ್ಲರ್‌ಗೆ ಜೋಡಣೆ. ಲೈನರ್‌ನ ಕೆಳಗಿನ ಪೋರ್ಟ್‌ಗಳಿಂದ (ಗಾಳಿಕಿಂಡಿಗಳಿಂದ) ಬಂದ ಗಾಳಿ, ಉರಿದ ಅನಿಲವನ್ನು ಮೇಲಿನ ಎಕ್ಸಾಸ್ಟ್ ವಾಲ್ವ್‌ನತ್ತ ತಳ್ಳುತ್ತದೆ. ಇದೇ ಯೂನಿಫ್ಲೋ ವಿಧಾನ. ನಮ್ಮ ಹುಬ್ಬಳ್ಳಿ ಡೀಸೆಲ್ ಲೋಕೊ ಶೆಡ್‌ನ ಡಬ್ಲ್ಯುಡಿಜಿ-4 ಲೋಕೊಗಳಲ್ಲಿರುವ ಇಎಂಡಿ 710 ಎಂಜಿನ್ ಕೂಡ ಟೂ-ಸ್ಟ್ರೋಕ್ ಯೂನಿಫ್ಲೋ ಎಂಬುದನ್ನು ಎಷ್ಟೋ ಜನ ಗಮನಿಸಿರುವುದಿಲ್ಲ. ಆದರೆ ಅದರ ಸ್ಟ್ರೋಕ್, ಅಂದರೆ ಪಿಸ್ಟನ್ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗುವ ದೂರ, ಸುಮಾರು 279 ಮಿ.ಮೀ.; ಹಡಗಿನ ವಾರ್ಟ್ಸಿಲಾ ಆರ್‌ಟಿ-ಫ್ಲೆಕ್ಸ್96ಸಿ ಎಂಜಿನ್ನಿನದು 2,500 ಮಿ.ಮೀ.

ಇಷ್ಟು ಉದ್ದದ ಸ್ಟ್ರೋಕ್‌ನಲ್ಲಿ ಕನೆಕ್ಟಿಂಗ್ ರಾಡ್‌ನ ಓರೆ ಒತ್ತಡವನ್ನು ಪಿಸ್ಟನ್ ಹೊರಲಾಗದು. ಅದನ್ನು ಹೊರಲೆಂದೇ ಪಿಸ್ಟನ್ ರಾಡ್‌ಗೂ ಕನೆಕ್ಟಿಂಗ್ ರಾಡ್‌ಗೂ ನಡುವೆ ಕ್ರಾಸ್‌ಹೆಡ್ ಎಂಬ ಜಾರುವ ಕೀಲು ಇದೆ. ಪಿಸ್ಟನ್ ರಾಡ್ ನೆಟ್ಟಗೆ ಮೇಲೆ-ಕೆಳಗೆ ಚಲಿಸುವುದರಿಂದ ಅದರ ಸುತ್ತ ಸ್ಟಫಿಂಗ್ ಬಾಕ್ಸ್ ಎಂಬ ಸೀಲ್ ಕೂರಿಸಿ, ಮೇಲಿನ ಕೊಳೆ ಕ್ರ್ಯಾಂಕ್‌ಕೇಸ್‌ಗೆ ಇಳಿಯದಂತೆ ತಡೆಯಬಹುದು. ಕೆಳಗಿನ ಆಯಿಲ್ ಶುದ್ಧವಾಗಿ ಉಳಿದು ವರ್ಷಗಟ್ಟಲೆ ಬಾಳುತ್ತದೆ. ಮೇಲಿನ ಸಿಲಿಂಡರ್ ಆಯಿಲ್ ಮಾತ್ರ ಒಮ್ಮೆ ಬಳಸಿದರೆ ಮುಗಿಯಿತು.

ಅದರ ಕೆಲಸವೂ ಬೇರೆ. ಇಂಧನದಲ್ಲಿನ ಗಂಧಕ ಉರಿದು, ತಂಪಾದ ಲೈನರ್ ಗೋಡೆಯ ಮೇಲೆ ಸಲ್ಫ್ಯೂರಿಕ್ ಆಮ್ಲವಾಗಿ ಕೂರುತ್ತದೆ. ಆಮ್ಲವನ್ನು ಕೊಲ್ಲಲು ಸಿಲಿಂಡರ್ ಆಯಿಲ್‌ನಲ್ಲಿ ಕ್ಷಾರ ಬೆರೆಸಿರುತ್ತಾರೆ. ಅದರ ಅಳತೆಯೇ ಬೇಸ್ ನಂಬರ್. ಆಯಿಲ್ ಲೈನರ್ ಸುತ್ತಲಿನ ಕೆಲವೇ ರಂಧ್ರಗಳಿಂದ ಒಳಬರುತ್ತದೆ. ರಂಧ್ರದ ಬಳಿ ಕ್ಷಾರ ಪೂರ್ತಿ ಇರುತ್ತದೆ. ಎರಡು ರಂಧ್ರಗಳ ನಡುವಿನ ಜಾಗಕ್ಕೆ ಹರಡುವ ಹೊತ್ತಿಗೆ ಸೋತಿರುತ್ತದೆ. ಹಾಗಾಗಿ ಆಯಿಲ್ ಕಡಿಮೆ ಬಿದ್ದಾಗ ಲೈನರ್ ದುಂಡಗೆ ಸವೆಯದೆ ಆ ನಡುಜಾಗಗಳಲ್ಲಿ ಹೆಚ್ಚು ಸವೆದು, ಹೂವಿನ ಎಸಳುಗಳ ಆಕಾರ ತಾಳುತ್ತದೆ. ಈ ಕಾರಣ-ಪರಿಣಾಮದ ಸರಪಳಿಯನ್ನು ಚಿತ್ರ ಬರೆದು ಕಲಿಯಿರಿ.

ಆಯಿಲ್ ಹೆಚ್ಚು ಸುರಿದರೆ ಒಳ್ಳೆಯದೇ? ಅಲ್ಲ. ಉಳಿದ ಕ್ಷಾರ ಕ್ಯಾಲ್ಸಿಯಂ ಲವಣವಾಗಿ ಪಿಸ್ಟನ್ ತಲೆಯ ಅಂಚಿನಲ್ಲಿ ಗಟ್ಟಿಯಾಗುತ್ತದೆ, ಲೈನರ್‌ನ ಆಯಿಲ್ ಹಿಡಿಯುವ ಗೆರೆಗಳನ್ನು ಉಜ್ಜಿ ನುಣುಪಾಗಿಸುತ್ತದೆ. 2020ರ ಜನವರಿ 1ರಿಂದ ಇಂಧನದ ಗಂಧಕದ ಜಾಗತಿಕ ಮಿತಿ ಶೇ. 3.50ರಿಂದ ಶೇ. 0.50ಕ್ಕೆ ಇಳಿದಾಗ, ಬೇಸ್ ನಂಬರ್ 70-100 ಬಳಸುತ್ತಿದ್ದ ಅನೇಕ ಹಡಗುಗಳು 40ರ ಆಸುಪಾಸಿಗೆ ಬಂದದ್ದು ಇದಕ್ಕೇ. ಸ್ಕ್ರಬ್ಬರ್ (ಹೊಗೆಯ ಗಂಧಕವನ್ನು ತೊಳೆಯುವ ಸಾಧನ) ಇರುವ ಹಡಗುಗಳು ಇಂದಿಗೂ ಹೆಚ್ಚು ಗಂಧಕದ ಇಂಧನ ಉರಿಸುತ್ತವೆ. ಅವುಗಳ ಲೆಕ್ಕ ಬೇರೆ.

ಸಿಲಿಂಡರಿನ ಒಳಗಿನ ಸ್ಥಿತಿ ತಿಳಿಯಲು ಲೈನರ್‌ನ ಪೋರ್ಟ್‌ಗಳ ಮೂಲಕ ನೋಡುವ ಪೋರ್ಟ್ ತಪಾಸಣೆ ಮಾಡುತ್ತಾರೆ. ಎಂಜಿನ್ ನಿಲ್ಲಿಸಿ, ಎಂಜಿನ್ ಚಾಲೂ ಮಾಡುವ ಗಾಳಿ (ಸ್ಟಾರ್ಟಿಂಗ್ ಏರ್) ಮುಚ್ಚಿ, ಸಿಲಿಂಡರಿನ ಒತ್ತಡ ಬಿಡುವ ಇಂಡಿಕೇಟರ್ ಕಾಕ್ ತೆರೆದು, ಎಂಜಿನ್ ಅನ್ನು ಮೋಟರಿನಿಂದ ತಿರುಗಿಸುವ ಟರ್ನಿಂಗ್ ಗೇರ್ ಹಾಕಿ ನಿಧಾನವಾಗಿ ತಿರುಗಿಸಬೇಕು. ಪೋರ್ಟ್ ಎದುರು ಬಂದ ಪ್ರತಿ ಪಿಸ್ಟನ್ ರಿಂಗ್ ಅನ್ನು ಟಾರ್ಚ್ ಬೆಳಕಿನಲ್ಲಿ ನೋಡಿ, ಮರದ ಕಡ್ಡಿಯಿಂದ ಒತ್ತಬೇಕು. ಒತ್ತಿ ಬಿಟ್ಟಾಗ ಪುಟಿದು ಬಂದರೆ ಸರಿ. ಅಲುಗದಿದ್ದರೆ ರಿಂಗ್ ಮಸಿಯಲ್ಲಿ ಸಿಕ್ಕಿಕೊಂಡಿದೆ, ಬಿಗಿಯೇ ಇಲ್ಲದಿದ್ದರೆ ಮುರಿದಿರಬಹುದು. ತೇವವಿರುವ, ಗೀರುಗಳಿಲ್ಲದ ಮೈ ಆರೋಗ್ಯದ ಗುರುತು.

ಸವೆತದ ಲೆಕ್ಕಕ್ಕೆ ನಾನೇ ಕಟ್ಟಿದ ಉದಾಹರಣೆ: ಲೈನರ್ 18,000 ಗಂಟೆಗೆ 0.7 ಮಿ.ಮೀ., 24,000 ಗಂಟೆಗೆ 1.2 ಮಿ.ಮೀ. ಸವೆದಿದೆ. ಒಟ್ಟು ಸರಾಸರಿ 1,000 ಗಂಟೆಗೆ 0.05 ಮಿ.ಮೀ.; ನೋಡಲು ಚೆನ್ನಾಗಿದೆ. ಕೊನೆಯ 6,000 ಗಂಟೆಗಳನ್ನಷ್ಟೇ ತೆಗೆದುಕೊಂಡರೆ ಅದು 0.083, ಮೊದಲಿನ ವೇಗದ ಎರಡು ಪಟ್ಟಿಗಿಂತಲೂ ಹೆಚ್ಚು. ಸರಾಸರಿ ಬರೆದು ಸುಮ್ಮನಾಗದೆ ಆಯಿಲ್ ಪ್ರಮಾಣ, ಜಾಕೆಟ್ ನೀರಿನ ತಾಪಮಾನ, ಒಳಬರುವ ಗಾಳಿಯಲ್ಲಿನ ನೀರಿನ ಹನಿ, ಈ ಮೂರನ್ನೂ ಕೂಡಲೇ ಪರೀಕ್ಷಿಸಬೇಕು.