ಬಾಯಿಯ ಚಾವಣಿಯೇ ಮೂಗಿನ ನೆಲ

"ದವಡೆ ಎಡಕ್ಕೆ ಸರಿದಿದೆ, ಕ್ಲಿಪ್ ಹಾಕಿಬಿಡಿ ಡಾಕ್ಟ್ರೇ" ಎಂದರು ತಾಯಿ. ಹಲ್ಲು ನೋಡುವ ಮೊದಲು ಹುಡುಗಿಯ ಮೂಗಿನ ಕೆಳಗೆ ತಣ್ಣನೆಯ ಸ್ಟೀಲ್ ಕನ್ನಡಿ ಹಿಡಿದೆ. ಎರಡೂ ಹೊಳ್ಳೆಗಳಿಂದ ಬಿದ್ದ ಹಬೆ ಬೆರಳ ತುದಿಯಷ್ಟೂ ಇರಲಿಲ್ಲ. ಒಂಬತ್ತು ವರ್ಷದ ಮಗು. ರಾತ್ರಿಯಿಡೀ ಬಾಯಿ ತೆರೆದೇ ಮಲಗುತ್ತಾಳೆ, ದಿಂಬು ಜೊಲ್ಲಿನಿಂದ ಒದ್ದೆ, ಎದ್ದ ಕೂಡಲೇ ನೀರು ಬೇಕು.

ಮೂಗು ಕಟ್ಟಿದ ಮಗು ಬಾಯಲ್ಲಿ ಉಸಿರಾಡುತ್ತದೆ, ಆಗ ನಾಲಿಗೆ ಕೆಳಗಿಳಿಯುತ್ತದೆ. ಅಂಗುಳಕ್ಕೆ ಒಳಗಿನ ಆಸರೆ ತಪ್ಪುತ್ತದೆ, ಹೊರಗಿನಿಂದ ಕೆನ್ನೆಯ ಒತ್ತಡ ಮಾತ್ರ ಉಳಿಯುತ್ತದೆ. ಮೇಲ್ದವಡೆ ಕಿರಿದಾಗಿ ಅಂಗುಳ ಗೋಪುರದಂತೆ ಏರಿದರೆ ಅದರ ಮೇಲಿರುವ ಮೂಗಿನ ದಾರಿಯೂ ಇಕ್ಕಟ್ಟು. ಹಲ್ಲುಗಳು ಎದುರುಬದುರು ಕೂರದೆ ಮಗು ಕೆಳದವಡೆಯನ್ನು ಒಂದು ಪಕ್ಕಕ್ಕೆ ಜಾರಿಸಿ ಕಚ್ಚುತ್ತದೆ. ಈ ಹುಡುಗಿಯ ಕೆಳದವಡೆ ಸೊಟ್ಟಗಿರಲಿಲ್ಲ, ಮೇಲಿನದು ಸಾಲದಾಗಿತ್ತು. ಎಲ್ಲ ಮಕ್ಕಳಲ್ಲೂ ಮೂಗೇ ಕಾರಣವಲ್ಲ. ವಂಶವಾಹಿ, ಬೆರಳು ಚೀಪುವುದು ಕೂಡ ಇವೆ.

ಕೆನ್ನೆಯ ಹಿಂದಿನ ಸೈನಸ್ ಇರುವುದೂ ಇದೇ ಮೇಲ್ದವಡೆಯ ಮೂಳೆಯೊಳಗೆ. ದೊಡ್ಡವರಲ್ಲಿ ಅದು ಸುಮಾರು 15 ಮಿಲಿಲೀಟರಿನ ಗಾಳಿಗೂಡು. ಅದರ ಕಿಂಡಿ ತಳದಲ್ಲಿಲ್ಲ, ಗೋಡೆಯ ಮೇಲ್ಭಾಗದಲ್ಲಿದೆ. ಅಲರ್ಜಿಯಿಂದ ಕಿಂಡಿ ಊದಿ ಮುಚ್ಚಿದರೆ ಕಫ ಅಲ್ಲೇ ನಿಲ್ಲುತ್ತದೆ. ಮೇಲಿನ ದವಡೆಹಲ್ಲುಗಳ ಬೇರುಗಳು ಈ ಗೂಡಿನ ನೆಲಕ್ಕೇ ಹತ್ತಿಕೊಂಡಿರುವುದರಿಂದ ಬಗ್ಗಿದಾಗ ಮೂರ್ನಾಲ್ಕು ಹಲ್ಲು ಒಟ್ಟಿಗೆ ಜುಮ್ಮೆನ್ನುತ್ತವೆ. ಅಂಥ ನೋವಿಗೆ ಒಳ್ಳೆಯ ಹಲ್ಲು ಕೀಳಿಸಿಕೊಂಡು ಬಂದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಹುಡುಗಿಯನ್ನು ಮೊದಲು ಇಎನ್‌ಟಿ ಡಾಕ್ಟರ ಬಳಿ ಕಳಿಸಿದೆ. ಮೂಗಿನ ಹಿಂದೆ ಇರುವ ಮೆತ್ತನೆಯ ಗಂಟು ಅಡಿನಾಯ್ಡ್ ಬೆಳೆದಿತ್ತು, ಅಲರ್ಜಿಯೂ ಇತ್ತು. ಮೂಗು ತೆರೆದ ಮೇಲೆ ಅಂಗುಳಕ್ಕೆ ಅಗಲಿಸುವ ಸ್ಕ್ರೂ ಕೂರಿಸಿದೆ. ಅಂಗುಳದ ನಡುವೆ ಎರಡು ಮೂಳೆಗಳು ಕೂಡುವ ಗೆರೆ, ಅಂದರೆ ಮೂಳೆಯ ಹೊಲಿಗೆ, ಈ ವಯಸ್ಸಿನಲ್ಲಿ ಇನ್ನೂ ಬೆಸೆದಿರುವುದಿಲ್ಲ. ಒಂದು ತಿರುವಿಗೆ ಕಾಲು ಮಿಲಿಮೀಟರ್, ದಿನಾ ರಾತ್ರಿ ತಾಯಿಯೇ ಕೀಲಿ ತಿರುಗಿಸಬೇಕು.

ಎರಡನೇ ವಾರ ಅವರು ಗಾಬರಿಯಿಂದ ಓಡಿಬಂದರು. ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿಟ್ಟಿತ್ತು. ನನಗೆ ಖುಷಿಯೇ ಆಯಿತು. ಹಲ್ಲು ವಾಲಿದ್ದಲ್ಲ, ಮೂಳೆಯೇ ಬಿಚ್ಚಿಕೊಂಡಿದೆ ಎಂಬುದಕ್ಕೆ ಅದೇ ಗುರುತು.

ಅಂಗುಳ ಅಗಲಿಸಿದರೆ ಸೈನಸೈಟಿಸ್, ಅಂದರೆ ಸೈನಸ್ಸಿನ ಉರಿಯೂತ, ವಾಸಿಯಾಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಆ ಸಂದು ಕೆಲವು ತಿಂಗಳಲ್ಲಿ ತಾನಾಗಿ ಮುಚ್ಚಿತು, ದವಡೆ ನಡುವಿಗೆ ಬಂತು. ಧೂಳಿನ ದಿನಗಳಲ್ಲಿ ಹುಡುಗಿಗೆ ಮೂಗಿನ ಸ್ಪ್ರೇ ಈಗಲೂ ಬೇಕು.