ಕಾಪೋ: ಆಟಕ್ಕೆ ಬೆನ್ನು ಹಾಕಿ ನಿಂತವರು

ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಪ್ರಾವಿಡೆನ್ಸ್ ಪಾರ್ಕ್ ಅಂತ ಒಂದು ಫುಟ್‌ಬಾಲ್ ಮೈದಾನವಿದೆ. ಪಂದ್ಯದ ದಿನ ಉತ್ತರದ ಗೋಲ್ ಕಂಬದ ಹಿಂದೆ ಸಾವಿರಾರು ಜನ ಹಸಿರು ಸ್ಕಾರ್ಫ್ ಸುತ್ತಿಕೊಂಡು ಬರುತ್ತಾರೆ. ಕೂರಲು ಜಾಗ ಇದ್ದರೂ ಕೂರುವುದಿಲ್ಲ. ಎಲ್ಲರ ಕಣ್ಣು ಚೆಂಡಿನ ಮೇಲೆ. ಕೆಲವರದು ಮಾತ್ರ ಅಲ್ಲಿಲ್ಲ. ಅವರು ಸ್ಟ್ಯಾಂಡಿನ ಮುಂದಿನ ಪುಟ್ಟ ಅಟ್ಟಣೆ ಹತ್ತಿ, ಮೈದಾನಕ್ಕೆ ಬೆನ್ನು ಮಾಡಿ, ಜನರನ್ನೇ ನೋಡುತ್ತಾ ನಿಂತಿರುತ್ತಾರೆ. ಒಂದು ಸಾಲು ಕೂಗುತ್ತಾರೆ, ಕೈ ಎತ್ತಿ ತಾಳ ಹಾಕುತ್ತಾರೆ, ದನಿ ಇಳಿದರೆ ಬೈಯುತ್ತಾರೆ. ಟಿಕೆಟ್ ತಗೊಂಡು ಬಂದು ಆಟ ನೋಡದ ಈ ಜನರಿಗೆ ಕಾಪೋ ಎಂದು ಹೆಸರು.

ಪದ ಇಟಲಿಯದು. ಅಲ್ಲಿ ಕಾಪೋ ಎಂದರೆ ತಲೆ. ಹಾಗೇ ಮುಂದೆ ಹೋಗಿ ಮುಖಂಡ, ಯಜಮಾನ. ಮಾಫಿಯಾ ಕಥೆಗಳಲ್ಲಿ ಬರುವ ಕಾಪೋ ಕೂಡ ಇದೇ. ಗಿಟಾರ್ ನುಡಿಸುವವರು ತಂತಿಗಳ ಮೇಲೆ ಕಚ್ಚಿಸುವ ಕ್ಲಿಪ್ಪಿಗೂ ಕಾಪೋ ಅನ್ನುತ್ತಾರೆ, ಅದೂ ಇದೇ ಮೂಲದ್ದು. ಇಟಲಿಯ ಸ್ಟೇಡಿಯಂಗಳಲ್ಲಿ ಗುಂಪಿಗೆ ಹಾಡು ಎತ್ತಿಕೊಡುವವರನ್ನು ಹೀಗೆ ಕರೆದರು. ಅಲ್ಲಿಂದ ಬೇರೆ ದೇಶಗಳಿಗೂ ಹೋಯಿತು.

ಇದರ ಜೊತೆಗೇ ಓಡಾಡುವ ಇನ್ನೊಂದು ಪದ ಟಿಫೋ. ಇದರ ಹುಟ್ಟು ಇನ್ನೂ ಮಜವಾಗಿದೆ. ಟಿಫೋ ಎಂದರೆ ಇಟಾಲಿಯನ್ ಭಾಷೆಯಲ್ಲಿ ಟೈಫಸ್ ಜ್ವರ. ಆ ಜ್ವರ ಹಿಡಿದವರ ಹಾಗೆ ಆಡುವವರು ಟಿಫೋಸಿ, ಅಂದರೆ ಅಭಿಮಾನಿಗಳು. ನಮ್ಮ ಪತ್ರಿಕೆಗಳು ವಿಶ್ವಕಪ್ ಬಂದಾಗಲೆಲ್ಲ ‘ಕ್ರಿಕೆಟ್ ಜ್ವರ’ ಎಂದು ಬರೆಯುತ್ತವಲ್ಲ, ಅದೇ ಲೆಕ್ಕ. ಅಮೆರಿಕಕ್ಕೆ ಬರುವಷ್ಟರಲ್ಲಿ ಈ ಪದದ ಅರ್ಥ ಕಿರಿದಾಯಿತು. ಅಲ್ಲೀಗ ಟಿಫೋ ಎಂದರೆ ಪಂದ್ಯ ಶುರುವಾಗುವ ಮುಂಚೆ ಸ್ಟ್ಯಾಂಡಿನ ಮೇಲೆ ಬಿಚ್ಚುವ, ಅಭಿಮಾನಿಗಳೇ ಬಣ್ಣ ಬಳಿದ ದೊಡ್ಡ ಬಟ್ಟೆ.

ಸರಿ, ಕೂಗುವುದಕ್ಕೂ ಒಬ್ಬರು ಹೇಳಿಕೊಡಬೇಕಾ? ಬೇಕು. ಅದಕ್ಕೆ ಒಂದು ಕಾರಣ ಶಬ್ದದ ವೇಗ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸ್ಟ್ಯಾಂಡ್ 68 ಮೀಟರ್ ಅಗಲ ಇದೆ ಅಂದುಕೊಳ್ಳಿ. ಈ ತುದಿಯಲ್ಲಿ ತಟ್ಟಿದ ಚಪ್ಪಾಳೆ ಆ ತುದಿಗೆ ಮುಟ್ಟಲು 0.2 ಸೆಕೆಂಡ್ ಬೇಕು. ಕಮ್ಮಿ ಅನ್ನಿಸುತ್ತದೆ, ಅಲ್ವಾ? ಆದರೆ ತಾಳ ತಪ್ಪಲು ಅಷ್ಟು ಸಾಕು. ಕಿವಿ ನಂಬಿ ಹಾಡಿದರೆ ಎಡಗಡೆಯವರು ಒಂದು ಕಡೆ, ಬಲಗಡೆಯವರು ಇನ್ನೊಂದು ಕಡೆ ಹೋಗುತ್ತಾರೆ. ಐದು ನಿಮಿಷದಲ್ಲಿ ಹಾಡು ಸಂತೆ ಗದ್ದಲ. ಕಾಪೋನ ಕೈ ಮಾತ್ರ ಎಲ್ಲರಿಗೂ ಒಂದೇ ಹೊತ್ತಿಗೆ ಕಾಣುತ್ತದೆ. ಅದಕ್ಕೇ ಎತ್ತರದ ಅಟ್ಟಣೆ, ಅದಕ್ಕೇ ಜನರ ಕಡೆ ಮುಖ.

ಇನ್ನೊಂದು ಕಾರಣ ಆಟದ ಸ್ವಭಾವ. ಅಮೆರಿಕದವರು ಸಾಕರ್ ಎನ್ನುವ ಈ ಆಟ ಒಮ್ಮೆ ಶುರುವಾದರೆ 45 ನಿಮಿಷ ನಿಲ್ಲುವುದಿಲ್ಲ. ಅವರ ಬೇರೆ ಆಟಗಳು ಹಾಗಲ್ಲ. ಬೇಸ್‌ಬಾಲ್‌ನಲ್ಲಿ ಎಸೆತಕ್ಕೊಂದು ಬಿಡುವು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕೆಲವೇ ಸೆಕೆಂಡ್ ನುಗ್ಗಾಟ, ಆಮೇಲೆ ಮತ್ತೆ ನಿಂತು ಯೋಚನೆ. ಆ ಬಿಡುವಿನಲ್ಲಿ ಆರ್ಗನ್ ನುಡಿಯುತ್ತದೆ, ದೊಡ್ಡ ಪರದೆಯ ಮೇಲೆ ‘ಗಲಾಟೆ ಮಾಡಿ’ ಎಂದು ಬರುತ್ತದೆ, ಜನ ಮಾಡುತ್ತಾರೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಗಲಾಟೆಗೂ ಲೆಕ್ಕಾಚಾರ ಇದೆ. ಎದುರಾಳಿ ತಂಡದ ಕೈಯಲ್ಲಿ ಚೆಂಡಿದ್ದಾಗ ಕಿವಿ ಕಿತ್ತುಹೋಗುವಂತೆ ಕೂಗಬೇಕು, ಅವರ ಆಟಗಾರರು ಒಬ್ಬರಿಗೊಬ್ಬರು ಹೇಳುವ ಸಂಕೇತ ಕೇಳಿಸಬಾರದು. ನಮ್ಮವರ ಕೈಯಲ್ಲಿದ್ದಾಗ ಬಾಯಿ ಮುಚ್ಚಿಕೊಂಡಿರಬೇಕು! 2014ರಲ್ಲಿ ಕಾನ್ಸಾಸ್ ಸಿಟಿಯ ಆರೋಹೆಡ್ ಸ್ಟೇಡಿಯಂನಲ್ಲಿ 142.2 ಡೆಸಿಬೆಲ್ ದಾಖಲಾಗಿದ್ದು ಇಂಥ ಆಟದಲ್ಲೇ.

ಅಂದರೆ ಅಮೆರಿಕದ ಜನಕ್ಕೆ ಸದ್ದು ಮಾಡುವುದು ಹೊಸದೇನಲ್ಲ. ನಿಲ್ಲಿಸದೆ 90 ನಿಮಿಷ ಹಾಡುವುದು ಹೊಸದು. ಪರದೆ ಅದನ್ನು ಹೇಳಿಕೊಡಲಾರದು.

ಹಾಗಂತ ಕಾಪೋ ಪೂರ್ತಿ ಹೊರಗಿನ ಸರಕು ಅಂದುಕೊಳ್ಳಬೇಡಿ. ಹೊರಗಿನದು ಹೆಸರು. ಕೆಲಸ ಅಮೆರಿಕದಲ್ಲಿ ಮೊದಲೇ ಇತ್ತು. 1898ರ ನವೆಂಬರಿನಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಜನರ ಮುಂದೆ ನಿಂತು ಘೋಷಣೆ ಹೇಳಿಕೊಟ್ಟ. ಚಿಯರ್‌ಲೀಡಿಂಗ್ ಅಲ್ಲಿಂದ ಶುರು ಎನ್ನುತ್ತಾರೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಇವತ್ತಿಗೂ ವಿದ್ಯಾರ್ಥಿಗಳೇ ಓಟು ಹಾಕಿ ‘ಯೆಲ್ ಲೀಡರ್’ಗಳನ್ನು ಆರಿಸುತ್ತಾರೆ. ಅವರು ಕೈಸನ್ನೆ ತೋರಿಸುತ್ತಾರೆ, ಇಡೀ ಸ್ಟ್ಯಾಂಡ್ ಆ ಘೋಷಣೆ ಕೂಗುತ್ತದೆ. ಇದು ಕಾಪೋ ಕೆಲಸ ಅಲ್ಲದೆ ಮತ್ತೇನು? 1970ರ ದಶಕದಲ್ಲಿ ಸ್ಯಾನ್ ಹೋಸೆ ಅರ್ಥ್‌ಕ್ವೇಕ್ಸ್ ಎಂಬ ಫುಟ್‌ಬಾಲ್ ತಂಡಕ್ಕೆ ಡ್ರಮ್ ಬಡಿದು ಜನರನ್ನು ಎಬ್ಬಿಸುತ್ತಿದ್ದ ‘ಕ್ರೇಜಿ ಜಾರ್ಜ್’ ಹೆಂಡರ್ಸನ್ ಇನ್ನೊಬ್ಬ ಪೂರ್ವಜ. 1981ರ ಅಕ್ಟೋಬರಿನಲ್ಲಿ ಓಕ್‌ಲ್ಯಾಂಡ್‌ನ ಬೇಸ್‌ಬಾಲ್ ಪಂದ್ಯವೊಂದರಲ್ಲಿ ಜನ ಸಾಲುಸಾಲಾಗಿ ಎದ್ದು ಕೂರುವ ‘ಅಲೆ’ ಎಬ್ಬಿಸಿದ್ದೂ ಇವರೇ. 1986ರ ಮೆಕ್ಸಿಕೋ ವಿಶ್ವಕಪ್‌ನಲ್ಲಿ ಜಗತ್ತು ಅದನ್ನು ನೋಡಿ ‘ಮೆಕ್ಸಿಕನ್ ವೇವ್’ ಎಂದು ಹೆಸರಿಟ್ಟಿತು. ಹೆಸರು ಒಬ್ಬರಿಗೆ, ಕಷ್ಟ ಇನ್ನೊಬ್ಬರಿಗೆ.

ಈಗಿನ ರೂಪ ಬಂದಿದ್ದು 1996ರಲ್ಲಿ ಮೇಜರ್ ಲೀಗ್ ಸಾಕರ್ ಶುರುವಾದ ಮೇಲೆ. ಆಗ ಲೀಗ್ ನಡೆಸುವವರಿಗೆ ಒಂದು ಭಯ, ಅಮೆರಿಕದವರು ಈ ಆಟ ಒಪ್ಪುತ್ತಾರೋ ಇಲ್ಲವೋ ಅಂತ. ಪಂದ್ಯದ ಗಡಿಯಾರವನ್ನು 45ರಿಂದ ಸೊನ್ನೆಗೆ ಇಳಿಯುವಂತೆ ಹಿಂದಕ್ಕೆ ಓಡಿಸಿದರು. ಡ್ರಾ ಬೇಡವೆಂದು 35 ಗಜ ದೂರದಿಂದ ಓಡಿಬಂದು ಗೋಲ್ ಹೊಡೆಯುವ ಶೂಟೌಟ್ ಇಟ್ಟರು. ನಾಲ್ಕು ವರ್ಷ ನಡೆಸಿ ಕೈಬಿಟ್ಟರು. ಅದೇ ಹೊತ್ತಿನಲ್ಲಿ ವಾಷಿಂಗ್ಟನ್ ಡಿ.ಸಿ.ಯ ಸ್ಟ್ಯಾಂಡಿನಲ್ಲಿ ಬೇರೆಯೇ ನಡೆದಿತ್ತು. ಬೊಲಿವಿಯಾ ಮೂಲದವರು ಮುಂದೆ ನಿಂತು ಕಟ್ಟಿದ ‘ಲಾ ಬಾರಾ ಬ್ರಾವಾ’ ಬಳಗ ಡ್ರಮ್ ತಂದಿತು, ಸ್ಪ್ಯಾನಿಷ್ ಹಾಡು ತಂದಿತು. ಹಳೆಯ ಆರ್‌ಎಫ್‌ಕೆ ಸ್ಟೇಡಿಯಂನ ಒಂದು ಕಡೆಯ ಸೀಟುಗಳು ಜನ ಕುಣಿದರೆ ಅವರ ಜೊತೆ ತಾವೂ ಕುಣಿಯುತ್ತಿದ್ದವು. ನೋಡುವವರಿಗೆ ಎದೆ ಧಸಕ್ ಅನ್ನಬೇಕು, ಅವರಿಗೆ ಅದೇ ಹಬ್ಬ.

ಪೋರ್ಟ್‌ಲ್ಯಾಂಡಿನದು ತೀರಾ ಊರಿನ ಮಣ್ಣಿನದು. ಆ ಸೀಮೆ ಮರದ ವ್ಯಾಪಾರದಿಂದ ಬೆಳೆದದ್ದು. ತಂಡದ ಹೆಸರೂ ಟಿಂಬರ್ಸ್. 1978ರ ಸುಮಾರಿಗೆ ಟಿಂಬರ್ ಜಿಮ್ ಎಂಬುವವರು ಚೈನ್‌ಸಾ ಹಿಡಿದು ಪಂದ್ಯಕ್ಕೆ ಬರತೊಡಗಿದರು. ಈಗ ಆ ಕೆಲಸ ಟಿಂಬರ್ ಜೋಯಿ ಅವರದು. ತಂಡ ಗೋಲ್ ಹೊಡೆದರೆ ಗೋಲ್ ಹಿಂದೆ ಇಟ್ಟ ದಿಮ್ಮಿಯಿಂದ ಒಂದು ಬಿಲ್ಲೆ ಕೊಯ್ಯುತ್ತಾರೆ. ಆಟ ಮುಗಿದ ಮೇಲೆ ಅದು ಗೋಲ್ ಹೊಡೆದವರಿಗೆ ಸೇರುತ್ತದೆ. ನನಗೆ ಇಟಲಿಯಿಂದ ಬಂದ ಪದಗಳಿಗಿಂತ ಈ ಮರದ ಬಿಲ್ಲೆಯೇ ಜಾಸ್ತಿ ಇಷ್ಟ.

ಹೊಸ ಸ್ಟೇಡಿಯಂಗಳಲ್ಲಿ ಈ ಗುಂಪಿಗೆ ಜಾಗ ಮೊದಲೇ ನಕ್ಷೆಯಲ್ಲಿ ಸಿಗುತ್ತದೆ. ಲಾಸ್ ಏಂಜಲೀಸ್‌ನ ಎಲ್‌ಎಎಫ್‌ಸಿ ತಂಡದ ಸ್ಟೇಡಿಯಂ 2018ರಲ್ಲಿ ತೆರೆಯಿತು. ಅಲ್ಲಿ ಉತ್ತರದ ಕಡಿದಾದ ಸ್ಟ್ಯಾಂಡ್ ನಿಂತು ನೋಡುವವರಿಗೇ ಮೀಸಲು. ಅಭಿಮಾನಿ ಬಳಗದ ಹೆಸರು ‘3252’, ಆ ಸ್ಟ್ಯಾಂಡಿನಲ್ಲಿರುವ ಜಾಗಗಳ ಸಂಖ್ಯೆ. ಅಂಕಿಗಳನ್ನು ಕೂಡಿಸಿ ನೋಡಿ, 12 ಬರುತ್ತದೆ. ಹನ್ನೊಂದು ಜನರ ತಂಡಕ್ಕೆ ಹನ್ನೆರಡನೆಯ ಆಟಗಾರ. ಇಲ್ಲಿ ಎಷ್ಟು ಸಂಪ್ರದಾಯ, ಎಷ್ಟು ಮಾರ್ಕೆಟಿಂಗ್ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ.

ಆದರೆ ಸದ್ದು ಕ್ಲಬ್ಬಿನದಲ್ಲ, ಜನರದು ಎಂದು ಗೊತ್ತಾಗುವುದು ಸದ್ದು ನಿಂತಾಗ. 2019ರಲ್ಲಿ ಲೀಗ್ ‘ಐರನ್ ಫ್ರಂಟ್’ ಸಂಕೇತವಿರುವ ಬಾವುಟಗಳನ್ನು ರಾಜಕೀಯ ಎಂದು ನಿಷೇಧಿಸಿತು. ಅದು ಜರ್ಮನಿಯಲ್ಲಿ ನಾಜಿಗಳನ್ನು ಎದುರಿಸಿದ ಸಂಘಟನೆ. 1933ರಲ್ಲಿ ಅದನ್ನು ಅಡಗಿಸಿದರು. ಆಗಸ್ಟ್ 23ರಂದು ಪೋರ್ಟ್‌ಲ್ಯಾಂಡ್‌ಗೆ ಸಿಯಾಟಲ್ ತಂಡ ಬಂತು. ಇಬ್ಬರೂ ಬದ್ಧ ವೈರಿಗಳು. ಆವತ್ತು ಎರಡೂ ಕಡೆಯ ಅಭಿಮಾನಿಗಳು ಆ 1933ರ ನೆನಪಿಗೆ ಮೊದಲ 33 ನಿಮಿಷ ಸುಮ್ನೆ ನಿಂತರು. ಹಾಡಿಲ್ಲ, ಡ್ರಮ್ ಇಲ್ಲ. 33 ನಿಮಿಷ ಆದ ಮೇಲೆ ಸ್ಟ್ಯಾಂಡ್ ಒಮ್ಮೆಲೇ ಬಾಯಿ ಬಿಟ್ಟಿತು. ಮುಂದಿನ ತಿಂಗಳು ಲೀಗ್ ನಿಷೇಧವನ್ನು ತಡೆಹಿಡಿಯಿತು.

ನಮ್ಮಲ್ಲಿ? 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ಮೇಲೆ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬಳಗ ಬಂತು. ಕಂಠೀರವದಲ್ಲಿ ಪಂದ್ಯದ ದಿನ ಆ ಸ್ಟ್ಯಾಂಡಿನ ಕಡೆ ಹೋದರೆ ಈ ಸದ್ದಿನ ರುಚಿ ಸಿಗುತ್ತದೆ. ಕಾಪೋಗೆ ಕನ್ನಡದಲ್ಲಿ ಏನನ್ನಬಹುದು? ‘ಮುಂದಾಳು’ ಅಂದರೆ ಚುನಾವಣೆಯ ವಾಸನೆ. ‘ಹೇಳಿಕೊಡುವವರು’ ಎಂದರೆ ಭಜನೆಯಲ್ಲಿ ಮೊದಲ ಸಾಲು ಎತ್ತಿಕೊಡುವವರ ನೆನಪಾಗುತ್ತದೆ, ಅದು ಹತ್ತಿರ. ಭಜನೆಯಲ್ಲೂ ಎಲ್ಲರೂ ದೇವರ ಕಡೆ ನೋಡಿದರೆ ಹೇಳಿಕೊಡುವವರ ಕಣ್ಣು ಜನರ ಮೇಲೆ, ತಾಳ ತಪ್ಪಿಸಿದವರ ಮೇಲೆ. ಬರವಣಿಗೆಯಲ್ಲಿ ಕಾಪೋ ಎಂದೇ ಇಟ್ಟುಕೊಂಡರೂ ತೊಂದರೆಯಿಲ್ಲ, ಬಾಯಿಗೆ ಸುಲಭವಾಗಿದೆ.

ಗೋಲ್ ಆದಾಗ ಕಾಪೋಗೆ ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆ ಉಳಿಯಿತು. ಎದುರಿಗಿರುವ ಸಾವಿರ ಮುಖಗಳ ಕಣ್ಣು ಒಟ್ಟಿಗೇ ಅಗಲವಾಗುತ್ತವೆ. ಚೆಂಡು ಬಲೆಗೆ ಬಿದ್ದಿದೆ. ಅವರು ತಿರುಗಿ ನೋಡುವಷ್ಟರಲ್ಲಿ ಆಟಗಾರರು ಆಗಲೇ ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ.