ಥೀಸಿಸ್‌ಗೆ ಆರ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಕೃಷಿ ಎಂಎಸ್ಸಿ ಮಾಡುತ್ತಿದ್ದೇನೆ. ಹೊಲದ ಪ್ರಯೋಗದ ಡೇಟಾ ಎಕ್ಸೆಲ್‌ನಲ್ಲಿದೆ. ಆರ್ (R) ಎಂಬ ಸ್ಟ್ಯಾಟಿಸ್ಟಿಕ್ಸ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅನಾಲಿಸಿಸ್ ಮಾಡಿ ಅಂತ ಗೈಡ್ ಹೇಳಿದ್ದಾರೆ. ನನಗೆ ಕೋಡಿಂಗ್ ಗಂಧಗಾಳಿ ಇಲ್ಲ. ಯಾವ ಕೋರ್ಸ್ ಸೇರಲಿ?

ಉತ್ತರ: ದುಡ್ಡು ಕೊಟ್ಟು ಎಲ್ಲೂ ಸೇರಬೇಡಿ. ಆರ್ ಪುಕ್ಕಟೆ, ಅದನ್ನು ಕಲಿಸುವ ಒಳ್ಳೆಯ ಸಾಮಗ್ರಿಯೂ ಬಹುಪಾಲು ಪುಕ್ಕಟೆ. 1990ರ ದಶಕದಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಎಂಬ ಇಬ್ಬರು ಮೇಷ್ಟ್ರು ಇದನ್ನು ಶುರು ಮಾಡಿದ್ದೇ ತಮ್ಮ ಸ್ಟ್ಯಾಟಿಸ್ಟಿಕ್ಸ್ ತರಗತಿಗೆ. ಹಾಗಾಗಿ ಹೆದರಿಕೆ ಬೇಡ.

ಆರ್ ಮತ್ತು ಅದರಲ್ಲಿ ಕೆಲಸ ಸುಲಭ ಮಾಡುವ ಆರ್‌ಸ್ಟುಡಿಯೋ ತಂತ್ರಾಂಶ ಹಾಕಿಕೊಂಡ ಮೇಲೆ ಸ್ವರ್ಲ್ (swirl) ಎಂಬ ಪ್ಯಾಕೇಜ್, ಅಂದರೆ ಆರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸಲಕರಣೆ, ಇಳಿಸಿಕೊಳ್ಳಿ. ಅದು ಆರ್ ಒಳಗೇ ಪ್ರಶ್ನೆ ಕೇಳುತ್ತದೆ, ನೀವು ಟೈಪ್ ಮಾಡಿದ್ದು ತಪ್ಪಿದ್ದರೆ ಸುಳಿವು ಕೊಡುತ್ತದೆ. ವಿಡಿಯೋ ನೋಡುತ್ತಾ ತಲೆಯಾಡಿಸುವುದಕ್ಕಿಂತ ಇದು ಎಷ್ಟೋ ವಾಸಿ. ಎಲ್ಲರೂ ಹೇಳುವ 'ಆರ್ ಫಾರ್ ಡೇಟಾ ಸೈನ್ಸ್' ಪುಸ್ತಕ ಆನ್‌ಲೈನ್‌ನಲ್ಲಿ ಪುಕ್ಕಟೆ ಓದಲು ಸಿಗುತ್ತದೆ. ಡೇಟಾ ಹಸನು ಮಾಡಲು, ಗ್ರಾಫ್ ಬಿಡಿಸಲು ಚೆನ್ನಾಗಿದೆ. ಆದರೆ ಅದರಲ್ಲಿ ಅನೋವಾ (ಗುಂಪುಗಳ ಸರಾಸರಿಗಳ ನಡುವೆ ನಿಜವಾದ ವ್ಯತ್ಯಾಸ ಇದೆಯೇ ಎಂದು ನೋಡುವ ಪರೀಕ್ಷೆ) ಹುಡುಕಬೇಡಿ, ಅದು ಆ ಕೆಲಸದ ಪುಸ್ತಕ ಅಲ್ಲ.

ಅನೋವಾ ಅಭ್ಯಾಸಕ್ಕೆ ಆರ್ ಜೊತೆಗೇ ಬರುವ ಪ್ಲಾಂಟ್‌ಗ್ರೋತ್ (PlantGrowth) ಡೇಟಾ ಸಾಕು: ಒಂದು ಕಂಟ್ರೋಲ್ (ಏನೂ ಉಪಚಾರ ಕೊಡದ ಗುಂಪು), ಎರಡು ಟ್ರೀಟ್‌ಮೆಂಟ್ (ಉಪಚಾರ ಕೊಟ್ಟ ಗುಂಪು), 30 ಗಿಡಗಳ ಒಣ ತೂಕ. ಅದರ ಮೇಲೆ ಕೈ ಪಳಗಿದ ಮೇಲೆ ನಿಮ್ಮ ಎಕ್ಸೆಲ್ ಶೀಟ್ ತೆಗೆಯಿರಿ. ನಿಜವಾದ ಪಾಠ ಶುರುವಾಗುವುದು ಅಲ್ಲೇ. ಟ್ರೀಟ್‌ಮೆಂಟ್‌ಗಳಿಗೆ 1, 2, 3, 4 ಅಂತ ಬರೆದಿದ್ದೀರಿ ಅಲ್ವಾ? ಆರ್‌ಗೆ ಅವು ಬರೀ ಅಂಕಿಗಳು. ಎರರ್ ಕೊಡದೆ, ಯಾವುದೋ ಗೊಬ್ಬರದ ಪ್ರಮಾಣ ಒಂದೊಂದೇ ಹೆಚ್ಚಿದಂತೆ ಎಣಿಸಿ ಉತ್ತರ ಕೊಟ್ಟುಬಿಡುತ್ತದೆ! ಫಲಿತಾಂಶದಲ್ಲಿ ಟ್ರೀಟ್‌ಮೆಂಟ್‌ನ ಸಾಲಿನಲ್ಲಿ ಡಿಗ್ರೀಸ್ ಆಫ್ ಫ್ರೀಡಮ್ (Df) ಎಂಬ ಅಂಕಿ ನೋಡಿ. ನಾಲ್ಕು ಟ್ರೀಟ್‌ಮೆಂಟ್‌ಗೆ ಒಂದು ಕಡಿಮೆ, ಅಂದರೆ 3 ಇರಬೇಕು. 1 ಬಂದಿದ್ದರೆ ಆ ಕಾಲಂ ಅನ್ನು ಫ್ಯಾಕ್ಟರ್ ಆಗಿ, ಅಂದರೆ ಅಂಕಿಯಲ್ಲ, ಗುಂಪಿನ ಹೆಸರು ಎಂದು ಆರ್‌ಗೆ ತಿಳಿಯುವಂತೆ, ಬದಲಿಸಿ. ರೆಪ್ಲಿಕೇಶನ್ (ಪ್ರಯೋಗದ ಪುನರಾವರ್ತನೆ) ಕಾಲಂಗೂ ಇದೇ ಮಾತು.

ಕೃಷಿಯವರಿಗೆಂದೇ ಅಗ್ರಿಕೋಲೇ (agricolae) ಎಂಬ ಪ್ಯಾಕೇಜ್ ಇದೆ. ಪ್ರಯೋಗದ ಲೇಔಟ್ ಮಾಡಲು, ಯಾವ ಟ್ರೀಟ್‌ಮೆಂಟ್ ಯಾವುದಕ್ಕಿಂತ ಬೇರೆ ಎಂದು ಹೋಲಿಸುವ ಎಲ್‌ಎಸ್‌ಡಿ, ಡಂಕನ್ ಟೆಸ್ಟ್‌ಗಳಿಗೆ ಒದಗುತ್ತದೆ.

ಇಷ್ಟಾದ ಮೇಲೂ ಯಾರಾದರೂ ಕೂತು ಪಾಠ ಹೇಳಬೇಕು ಅನಿಸಿದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಚಿಕ್ಕ ವಿಡಿಯೋಗಳಿವೆ, ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ (NPTEL) ಐಐಟಿ ಕಾನ್ಪುರದ ಕೋರ್ಸ್ ಇದೆ. ಪಾಠ ಕೇಳಲು ದುಡ್ಡು ಕೊಡಬೇಕಿಲ್ಲ, ಸರ್ಟಿಫಿಕೇಟ್ ಬೇಕಿದ್ದವರು ಮಾತ್ರ ಎನ್‌ಪಿಟಿಇಎಲ್ ಪರೀಕ್ಷೆಗೆ ಶುಲ್ಕ ಕಟ್ಟಬೇಕು.